ಎಡಮಂಡಿಯ ಪಿತೃಭಕ್ತಿ

ಸುಳ್ಳು ಹೇಳಲು ಬಾರದ ಅಂಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಮಂಡಿ ಎನ್ನುತ್ತೇನೆ. ನಾಲಿಗೆ ಬಿಡಿ, ಅದು ಹೇಳಿದ್ದು ಕೇಳುತ್ತದೆ. ಮುಖವನ್ನೂ ಆಫೀಸಿನಲ್ಲಿ ಪಳಗಿಸಿಕೊಂಡಿದ್ದೇನೆ. ಮಂಡಿ ಮಾತ್ರ ಹರಿಶ್ಚಂದ್ರನ ವಂಶ.

ಮದರಾಸಿನಲ್ಲಿ ಟ್ರಾಮು ನಿಂತು ನಾಲ್ಕೈದು ವರ್ಷವಾಗಿತ್ತು. ಒಂದು ಏಕಾದಶಿ, ಮೈಲಾಪುರದ ಮನೆಯಲ್ಲಿ ಅಮ್ಮ ನೀರೂ ಮುಟ್ಟದೆ ಕೂತಿದ್ದಾಗ, ಮಠದಲ್ಲಿ ಪ್ರವಚನವಿದೆ ಎಂದು ಹೇಳಿ ಹೊರಟ ನಾನು ಆಫೀಸಿನ ಹಿತ್ತಲಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆ. ಚೆಂಡಿಗೆಂದು ಹಾರಿದವನು ಮಡಿಸಿದ ಎಡಮಂಡಿಯ ಮೇಲೆಯೇ ಬಿದ್ದೆ. ಡಾಕ್ಟರು ನನ್ನನ್ನು ಮಲಗಿಸಿ, ಮಂಡಿ ಮಡಿಸಿ, ಕೆಳಗಿನ ಮೂಳೆಯನ್ನು ಮೇಜಿನ ಡ್ರಾಯರ್ ಮುಚ್ಚಿದ ಹಾಗೆ ಹಿಂದಕ್ಕೆ ತಳ್ಳಿದರು. ಅಯ್ಯಯ್ಯೋ, ಅದು ಹೋಗಿಯೇಬಿಟ್ಟಿತು!

"ಮೂಳೆ ಹಿಡಿದಿಡೋ ಒಳಗಿನ ಕಟ್ಟು ಹರಿದಿದೆ ಸಾರ್. ಕಾಲಿನ ಮೂಳೆ ಹಿಂದಕ್ಕೆ ಜಾರಿದ್ರೆ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳತ್ತೆ. ಬಗ್ಗಿಸಿದಷ್ಟೂ ಒತ್ತಡ. ಮೂರು ತಿಂಗಳು ಮಂಡಿ ಊರೋ ಮಾತೇ ಬೇಡ" ಎಂದರು.

ಅಪ್ಪನ ಶ್ರಾದ್ಧಕ್ಕೆ ಒಂಬತ್ತೇ ದಿನ ಉಳಿದಿತ್ತು. ಪಿಂಡವಿಡಲು ಎಡಮಂಡಿ ಊರಬೇಕು, ನಾನು ಒಬ್ಬನೇ ಮಗ. ಏಕಾದಶಿಯ ಆಟ ತಿಳಿದರೆ ಅಮ್ಮ ಬೈಯುವವಳಲ್ಲ, ಊಟ ಬಿಡುವವಳು. ಅದೇ ನನಗೆ ಭಯ. ಪುಣ್ಯಕ್ಕೆ ನಡಿಗೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಬಗ್ಗಿಸಿದರೆ ಮಾತ್ರ ನೋವು. ಗುಟ್ಟಾಗಿ ಪುರೋಹಿತರನ್ನು ಕೇಳಿದೆ: "ಆಚಾರ್ರೇ, ಬಲಮಂಡಿ ಆಗಬಹುದಾ?"

"ಧಾರಾಳವಾಗಿ. ಅದು ದೇವತೆಗಳಿಗೆ ತಲುಪತ್ತೆ. ನಿಮ್ಮಪ್ಪನಿಗೆ ಬೇಡ್ವೋ?"

ಆ ದಿನ ಬಂದೇಬಿಟ್ಟಿತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಪ್ರತಿ ವರ್ಷ ಫೈಲು ಮುಗಿಸಿದ ಹಾಗೆ ಮುಗಿಸ್ತೀಯ. ಕಣ್ಣಲ್ಲಿ ಒಂದು ಹನಿ ಇಲ್ಲ" ಎನ್ನುವುದು ಅವಳ ಹಳೆಯ ಕೊರಗು. ಆಚಾರ್ಯರು "ಎಡಮಂಡಿ" ಎಂದರು. ಉಸಿರು ಬಿಗಿಹಿಡಿದು ಊರಿದೆ. ಚಿಪ್ಪು ತನ್ನ ಜಾಗದಲ್ಲಿ ಅರೆದಂತಾಯಿತು. ಪಿಂಡವನ್ನು ಬಿಗಿಯಾಗಿ ಹಿಡಿದುಕೊಂಡೆ. ಬೀಳಿಸಿದರೆ ಗತಿಯೇನು? ಚಿಕ್ಕಂದಿನಲ್ಲಿ ಇದೇ ಮಂಡಿ ತರಚಿಕೊಂಡು ಬಂದಾಗ ಅಪ್ಪ ಊದಿ ಊದಿ ಎಣ್ಣೆ ಹಚ್ಚಿದ್ದು ನೆನಪಾಯಿತು. ಮೂರೂ ಪಿಂಡ ಇಟ್ಟು ಮುಗಿಸುವ ಹೊತ್ತಿಗೆ ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು.

"ನೋಡಿದಿರಾ ಆಚಾರ್ರೇ, ಅಪ್ಪನ್ನ ನೆನೆಸ್ಕೊಂಡು ಹೇಗೆ ಅಳ್ತಿದಾನೆ ನನ್ನ ಮಗ!" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ವರ್ಷವಿಡೀ ಬೀದಿಗೆಲ್ಲ ಅದನ್ನೇ ಹೇಳಿದಳು.

ಮರುವರ್ಷ ಮಂಡಿ ಸಲೀಸಾಗಿ ಊರಿತು. ಅಪ್ಪನನ್ನು ಎಷ್ಟು ನೆನೆದರೂ ಕಣ್ಣು ಒದ್ದೆಯಾಗಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ನನ್ನ ಮುಖವನ್ನೇ ನೋಡಿದಳು.

"ಒಂದೇ ವರ್ಷಕ್ಕೆ ಅಪ್ಪ ಮರೆತೋದ್ರೇನೋ?"

ಮಂಡಿ ವಾಸಿಯಾಯಿತಮ್ಮಾ ಎಂದು ಹೇಗೆ ಹೇಳಲಿ? ತಲೆ ತಗ್ಗಿಸಿ, ಮುಂದಿನ ಪಿಂಡ ಇಟ್ಟೆ.