ಗಾಳಿಗೆ ಪಾಳಿ ಹಚ್ಚಿದ ಮಾಮಾ

ನಮ್ಮ ಸೋದರಮಾವ ಗಾಳಿಯನ್ನು ಹಂಚುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ! ಹೊಲ ಹಂಚಿಕೊಂಡವರನ್ನು ನೋಡಿದ್ದೇನೆ, ಎತ್ತು ಹಂಚಿಕೊಂಡು ಮಾತು ಬಿಟ್ಟವರನ್ನೂ ನೋಡಿದ್ದೇನೆ. ಆದರೆ ತಲೆಯ ಮೇಲೆ ಕಾಣದಂತೆ ಹಾದುಹೋಗುವ ತರಂಗವನ್ನು ಕೈಚಾಚಿ ತೋರಿಸಿ, ‘ಇದು ನಿಂದು, ಅದು ಅವಂದು’ ಎಂದು ಹಂಚಿದವರು ಇಡೀ ಸುರಪುರ ಸೀಮೆಯಲ್ಲಿ ಇವರೊಬ್ಬರೇ!

ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಕೂಡಿಸಿ ಹೊಸ ಜಿಲ್ಲೆ ಮಾಡುತ್ತಾರಂತೆ ಎಂಬ ಮಾತು ಚಹಾದಂಗಡಿಗಳಲ್ಲಿ ಕುದಿಯುತ್ತಿದ್ದ ಕಾಲ. ನಾನು ಸುರಪುರದ ಬಸ್ ಸ್ಟ್ಯಾಂಡ್ ಎದುರು ಮೊಬೈಲು ಮಾರುವ, ಕರೆನ್ಸಿ ಹಾಕುವ ಅಂಗಡಿ ತೆರೆದಿದ್ದೆ. ನಿಮಗೊಂದು ಬುದ್ಧಿಮಾತು: ಊರಿಗೆ ಹೊಸದೇನೇ ಬರಲಿ, ಕೊಳ್ಳುವವರ ಗದ್ದಲದಲ್ಲಿ ನುಗ್ಗಬೇಡಿ, ಮಾರುವವರ ಕಡೆ ಹೋಗಿ ನಿಲ್ಲಿ. ಕಕ್ಕೇರಾ ಹಾದಿಯ ನಮ್ಮೂರಿನಲ್ಲಿ ಮನೆಮನೆಗೂ ಮೊಬೈಲು ಮಾರಿದವನು ನಾನೇ. ಸಿಗ್ನಲ್ಲು ಮಾತ್ರ ಊರ ಹಿಂದಿನ ಗುಡ್ಡದ ಹಾಸುಬಂಡೆಯ ಮೇಲಷ್ಟೇ ಸಿಗುತ್ತಿತ್ತು. ಅದು ನನ್ನ ಅಂಗಡಿಯ ಮಾಲಲ್ಲವಲ್ಲ!

ಅದೂ ದೂರದ ಒಂದೇ ಟವರಿನದು. ಹೊತ್ತಿಳಿಯುತ್ತಲೇ ಊರೆಲ್ಲ ಬಂಡೆ ಹತ್ತಿ ಒಮ್ಮೆಲೇ ನಂಬರು ಒತ್ತುತ್ತಿತ್ತು. ಒಬ್ಬರಿಗೆ ಹತ್ತಿದರೆ ಉಳಿದವರಿಗೆಲ್ಲ ‘ನೆಟ್‌ವರ್ಕ್ ಬಿಜಿ’.

ಮಾಮಾ ಆ ಬಂಡೆ ಹತ್ತಿದ್ದು ಹೆಂಡತಿ, ಅಂದರೆ ನಮ್ಮ ಅತ್ತಿಯ ಸಲುವಾಗಿ. ಅತ್ತಿಯ ಗಂಟಲಲ್ಲಿ ಗಂಟಾಗಿ, ಅವಳ ತಮ್ಮ ಹೈದರಾಬಾದಿನ ದವಾಖಾನೆಗೆ ಕರೆದೊಯ್ದಿದ್ದ. ಗಂಟು ತೆಗೆಯುತ್ತೇವೆ, ದನಿ ಉಳಿಯುವ ಮಾತು ಮಾತ್ರ ಕೊಡಲಾರೆವು ಎಂದಿದ್ದರು ಡಾಕ್ಟರು. ಮಾಮಾ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರ; ನೀರು ಬಿಟ್ಟ ದಿನಗಳು, ಬಿಟ್ಟು ಹೋಗುವಂತಿರಲಿಲ್ಲ. ಆಪರೇಷನ್ ಆಯಿತು. ಇನ್ನು ದಿನಾ ಸಂಜೆ ಬಂಡೆ ಹತ್ತಿ, ದನಿ ಬಂತೋ ಇಲ್ಲವೋ ಎಂದು ಕೇಳುವುದೊಂದೇ ಉಳಿದಿತ್ತು.

ಮೊದಲ ಸಂಜೆಯ ನೂಕಾಟ ನೋಡಿ ಮಾಮಾ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇದು ಕಾಲುವಿ ಜಗಳನ ಅದ. ಮುಂದಿನವರು ಹೊಟ್ಟಿತುಂಬ ಕುಡ್ಯಾಕತ್ತೀರಿ, ತುದಿಯವರು ಒಣಗಾಕತ್ತಾರ. ಪಾಳಿ ಹಚ್ರಿ!”

ಕೂಡಲೇ ಕಾಯಿದೆ ತಯಾರು! ದವಾಖಾನೆಯ ಸುದ್ದಿ ಮೊದಲು. ಹತ್ತಿಯ ಧಾರಣೆ ಕೇಳುವವರು ಅದರ ಹಿಂದೆ. ಲಗ್ನ ಗೊತ್ತಾದ ಹುಡುಗರು ಎಲ್ಲರ ಹಿಂದೆ.

“ಅದ್ಯಾಕ್ರಿ?” ಎಂದು ಒಬ್ಬ ಮದುಮಗ ಕೇಳಿದ್ದಕ್ಕೆ, “ನಿಮ್ಮದು ಮರಳಭೂಮಿ. ಎಷ್ಟು ಬಿಟ್ರೂ ಇಂಗ್ತದ!” ಎಂದರು.

ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ನನ್ನಲ್ಲಿ ಎಲ್ಲಕ್ಕಿಂತ ದುಬಾರಿ ಸೆಟ್ಟು ಕೊಂಡು ಬಂಡೆಯ ನೆತ್ತಿಯ ಮೇಲೆ ನಿಂತಿದ್ದರು. ಮಾಮಾ ಅವರನ್ನು ಕೆಳಗಿಳಿಸಿ, ಹಳೇ ಸೆಟ್ಟಿನ ಮುದುಕಿಯೊಬ್ಬಳನ್ನು ಹತ್ತಿಸಿದರು.

“ಏ, ಭಾರಿ ರೊಕ್ಕ ಕೊಟ್ಟು ತಂದೀನ್ರಿ ನಾ!”

“ಅದಕ್ಕ ಕೆಳಗ ನಿಲ್ರಿ ಅನ್ನಾಕತ್ತೀನಿ. ನಿಮ್ಮ ಸೆಟ್ಟು ಗಟ್ಟಿ ಅದ, ತಗ್ಗಿನಾಗೂ ಹಿಡೀತದ. ಈ ಆಯಿ ಸೆಟ್ಟು ಬಡಕಲು, ಮ್ಯಾಲ ನಿಲ್ಲಲಿ.”

ಹೊಟ್ಟೆ ಉರಿಯಿತು ನನಗೆ! ಕೆಳಗೆ ನಿಲ್ಲಲು ದುಬಾರಿ ಸೆಟ್ಟು ಇನ್ನು ಯಾರು ಕೊಳ್ಳುತ್ತಾರೆ?

ಗುರುಮಠಕಲ್ ಕಡೆಯಿಂದ ಬಂದ ಸೊಸೆಯೊಬ್ಬಳು ತವರಿಗೆ ತೆಲುಗಿನಲ್ಲಿ ಮಾತಾಡುವವಳು. ಅವಳಿಗೆ ಅರ್ಧ ಪಾಳಿ ಮಾತ್ರ!

“ತೆಲುಗು ಜಲ್ದಿ ಹರೀತದವ್ವ, ಅರ್ಧ ಸಾಕು.”

“ನಮ್ಮವ್ವಗ ಕಿವಿ ಮಂದ ಅದ್ರಿ ಕಾಕಾ. ಒಂದನ್ನ ಎರಡ ಸಲ ಹೇಳಬೇಕು!”

ಮಾಮಾ ಗಂಭೀರವಾಗಿ ಯೋಚಿಸಿ, “ಹಂಗಿದ್ರ ಪೂರಾ ತಗೋ” ಎಂದು ತೀರ್ಪು ಕೊಟ್ಟರು.

ಟವರು ರಿಪೇರಿಯವನೊಬ್ಬ ಬಂದಾಗ ಅವನನ್ನೂ ಬಿಡಲಿಲ್ಲ. “ಇದಕ್ಕೊಂದು ಗೇಟು ಕೂಡಸ್ರಿ” ಎಂದರು.

“ಗಾಳಿಗೆ ಗೇಟು ಕೂಡಸಾಕ ಬರ್ತದೇನ್ರಿ ಯಜಮಾನ್ರ?”

“ನೀರಿಗೆ ಕೂಡಸೀವಿಲ್ಲೋ?”

ಅವನು ನಕ್ಕು, ಎಲ್ಲರೂ ಒಮ್ಮೆಲೇ ಹಚ್ಚದಿದ್ದರೆ ಒಳ್ಳೆಯದೇ ಎಂದು ಹೇಳಿ ಹೋದ. ಅಷ್ಟೇ ಸಾಕಾಯಿತು! ಮಾಮಾ ಮರುದಿನದಿಂದ ಕೈಯಲ್ಲಿ ಕೋಲು ಹಿಡಿದರು.

ಇಷ್ಟೆಲ್ಲ ಮಾಡಿ ತಮ್ಮ ಪಾಳಿಯನ್ನು ಎಲ್ಲಿಟ್ಟಿದ್ದರು ಗೊತ್ತೇ? ಕಟ್ಟಕಡೆಗೆ, ಆ ಮದುಮಕ್ಕಳಿಗಿಂತಲೂ ಹಿಂದೆ! ನಾನು ಸುಮ್ಮನಿರುವ ಪೈಕಿಯೇ?

“ದವಾಖಾನಿ ಸುದ್ದಿ ಮೊದಲು ಅಂತ ನೀವ ಅಂದೀರಲ್ರಿ ಮಾಮಾ. ನೀವ ಮೊದಲ ಹಚ್ರಿ.”

“ಗೇಟು ಎತ್ತಾವ ತನ್ನ ಹೊಲಕ್ಕ ಮೊದಲ ಬಿಟ್ಕೊಂಡ್ರ, ನಾಳಿ ನನ್ನ ಮಾತು ಯಾರು ಕೇಳ್ತಾರೋ ಅಳಿಯಾ?”

ಹೀಗಾಗಿ ಅವರ ಪಾಳಿ ಬರುವ ಹೊತ್ತಿಗೆ ಬಂಡೆಯ ಬಿಸಿ ಆರಿರುತ್ತಿತ್ತು. ಅಷ್ಟರಲ್ಲಿ ಪಾಳಿ ಮುಗಿದವರು ಕತ್ತಲ ಮರೆಯಲ್ಲಿ ಮತ್ತೆ ಮೆಲ್ಲಗೆ ನಂಬರು ಒತ್ತುತ್ತಿದ್ದರು. ಮಾಮಾನ ಲೈನು ಹತ್ತುತ್ತಿತ್ತು, ಕಡಿದುಹೋಗುತ್ತಿತ್ತು. “ಇನ್ನಾ ಮಾತು ಬಂದಿಲ್ಲ ಭಾವಾ” ಎಂದು ಅತ್ತಿಯ ತಮ್ಮ ಹೇಳುವಷ್ಟನ್ನು ಕೇಳಿಸಿಕೊಂಡು ಇಳಿದುಹೋಗುತ್ತಿದ್ದರು. ದಾರಿಯಲ್ಲಿ ಒಮ್ಮೆ ಕೇಳಿದರು: “ಅಳಿಯಾ, ಆಕಿ ದನಿ ಇಲ್ಲದ ಮನಿ ನಿನ್ನ ಕಣ್ಣಿಗೆ ಬರ್ತದೇನು?” ನಾನು ಮೊಬೈಲಿನ ಬೆಳಕನ್ನು ಅವರ ಮುಂದಿನ ದಾರಿಗೆ ಹಿಡಿದೆ.

ಒಂದು ಸಂಜೆ ಲೈನು ಹತ್ತಿದ್ದೇ ತಡ, ಮಾಮಾ ಗಡಬಡಿಸಿ ಎದ್ದು ನಿಂತರು.

“ಏನಂದಿ? ಮಾತಾಡಾಕ ನೋಡಾಕತ್ತಾಳ? ಸಣ್ಣ ದನಿ? ಕೊಡು, ಆಕಿ ಕೈಯಾಗ ಕೊಡು!”

ಲೈನು ಕಡಿದುಹೋಯಿತು. ಮತ್ತೆ ಒತ್ತಿದರು. ಬಿಜಿ. ಮತ್ತೆ ಬಿಜಿ. ಕೋಲು ಕೈಯಿಂದ ಜಾರಿ ಬಂಡೆಯ ಕೆಳಗೆ ಉರುಳಿತು. ಅವರು ಅತ್ತ ನೋಡಲೂ ಇಲ್ಲ.

ಮೊದಲು ಸಾಹುಕಾರರು ವ್ಯಾಪಾರದ ಮಾತನ್ನು ಅರ್ಧಕ್ಕೆ ಬಿಟ್ಟು ಸೆಟ್ಟು ಬಂದ್ ಮಾಡಿದರು. ಅವರನ್ನು ನೋಡಿ ಗುರುಮಠಕಲ್ಲಿನ ಸೊಸೆ. ಆಮೇಲೆ ಮದುಮಕ್ಕಳೂ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಜನ ಮಾತಾಡಿದಷ್ಟೂ ನನಗೆ ಲಾಭ. ಆದರೂ ನನ್ನ ಬೆರಳು ತಾನಾಗಿಯೇ ಸೆಟ್ಟು ಬಂದ್ ಮಾಡುವ ಗುಂಡಿಯನ್ನು ಒತ್ತಿ ಹಿಡಿದಿತ್ತು. ಬಂಡೆಯ ಮೇಲಿನ ಪುಟ್ಟ ಪುಟ್ಟ ಬೆಳಕುಗಳು ಒಂದೊಂದಾಗಿ ಆರಿ, ಮಾಮಾನ ಕಿವಿಯ ಬಳಿ ಒಂದೇ ಉಳಿಯಿತು.

“ಹಾಂ,” ಎಂದರು ಮಾಮಾ. ಸೆಟ್ಟನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. “ಹಾಂ... ಕುಡಿಸೀನಿ, ಎಮ್ಮಿಗೆ ನೀರು ಕುಡಿಸೀನಿ.”

ಅತ್ತಿ ಮಾತಾಡಿದ್ದಳು!

“ಸಾಕು, ಗಂಟಲಾ ನೋಯ್ತದ, ಇಡು,” ಎಂದರು ಸ್ವಲ್ಪ ಹೊತ್ತಿನ ಮೇಲೆ.

ಅವಳು ಇಡಲಿಲ್ಲವೆಂದು ಕಾಣುತ್ತದೆ. ಇವರೂ ಇಡಲಿಲ್ಲ. ಇಬ್ಬರೂ ಮಾತಾಡುತ್ತಿರಲಿಲ್ಲ, ಬರೀ ಹಿಡಿದುಕೊಂಡಿದ್ದರು. ನಾವೆಲ್ಲ ಕತ್ತಲಲ್ಲಿ ಮೊಬೈಲು ಬಂದ್ ಮಾಡಿಕೊಂಡು, ಆ ಬಂಡೆಯ ಮೇಲೆ ಕೂತೆವು. ನಮ್ಮೂರ ಪಾಲಿನ ಆಕಾಶವೆಲ್ಲ ಆ ಇಬ್ಬರದೇ ಆಗಿತ್ತು.