ಗುಂಯ್ ಅನ್ನುವ ಡಬ್ಬ

ಮನೆಯಲ್ಲೇ ಆಂಪ್ಲಿಫೈಯರ್ ಮಾಡಲು ಹೊರಟವನು ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ಲಗ್ ಹಾಕಿದರೆ ಸಾಕು, ಅವೇ ಬರುತ್ತವೆ. ನಾನು ಹೇಳುವುದೆಲ್ಲ ಡೊಂಬಿವಲಿಯ ನಮ್ಮ ನಾಲ್ಕನೇ ಮಾಳಿಗೆಯ ಪುಟ್ಟ ಫ್ಲ್ಯಾಟಿನಲ್ಲಿ ನಡೆದದ್ದು. ನಾನಾಗ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಇಲೆಕ್ಟ್ರಿಕಲ್ ಮೆಂಟೆನೆನ್ಸಿನಲ್ಲಿದ್ದೆ. ವಾರವಿಡೀ ಕಂಪನಿಯ ಮೋಟಾರುಗಳನ್ನು ರಿಪೇರಿ ಮಾಡುವುದು, ಭಾನುವಾರ ನನ್ನದೇ ಆದ ಒಂದನ್ನು ಕೆಡಿಸುತ್ತ ಕೂರುವುದು, ಇದು ನನ್ನ ದಿನಚರಿ.

ಆಂಪ್ಲಿಫೈಯರ್ ಅಂದರೆ ಮೈಕಿನಿಂದ ಬಂದ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುತ್ತದೆ. ಸಿಗುವುದನ್ನು ಕೂತು ಯಾಕೆ ಮಾಡಬೇಕು ಎಂದು ಕೇಳಿದವರಲ್ಲಿ ಮೊದಲನೆಯವರು ನಮ್ಮ ಅತ್ತೆ. ಮಗಳ ಬಾಣಂತನಕ್ಕೆಂದು ಉಡುಪಿ ಕಡೆಯಿಂದ ಬಂದವರು, ಮೊಮ್ಮಗಳು ಶಾಲೆಗೆ ಹೋಗತೊಡಗಿದರೂ ಇಲ್ಲೇ ಉಳಿದಿದ್ದರು. ಅಷ್ಟರಲ್ಲಿ ಅಕ್ಕಪಕ್ಕದ ಕಟ್ಟಡಗಳ ಹೆಂಗಸರನ್ನು ಕೂಡಿಸಿ ಒಂದು ಭಜನಾ ಮಂಡಳಿ ಕಟ್ಟಿ ಅದರ ಯಜಮಾನಿಕೆಯನ್ನೂ ವಹಿಸಿಕೊಂಡಿದ್ದರು. ಅವರ ಕಿವಿ ಬಹಳ ಚುರುಕು, ಹೊಗಳಿಕೆ ಬಹಳ ದುಬಾರಿ. ನನ್ನ ಆಂಪ್ಲಿಫೈಯರನ್ನು ಅವರು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ, "ಡಬ್ಬ" ಎನ್ನುತ್ತಿದ್ದರು. ಆ ಡಬ್ಬದ ಬಗ್ಗೆ ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು, ಅದೂ ನಾಲ್ಕು ಜನರ ಎದುರಿಗೆ, ಕೇಳಬೇಕು ಎಂಬುದು ನನ್ನ ಹಟ. ಬೇರೆ ಯಾರು ಹೊಗಳಿದರೂ ನನಗೆ ಸಾಲುತ್ತಿರಲಿಲ್ಲ.

ಉರಿಯದ ಬಲ್ಬು

ಹೊಸದಾಗಿ ಕಟ್ಟಿದ ಆಂಪ್ಲಿಫೈಯರನ್ನು ತಿಳಿದವರು ಯಾರೂ ನೇರವಾಗಿ ಕರೆಂಟಿಗೆ ಕೊಡುವುದಿಲ್ಲ. ನಡುವೆ ಒಂದು ನೂರು ವ್ಯಾಟಿನ ಬಲ್ಬು ಕಟ್ಟುತ್ತಾರೆ. ಒಳಗೆ ಎಲ್ಲ ಸರಿಯಾಗಿದ್ದರೆ ಬಲ್ಬು ಒಮ್ಮೆ ಮಿಂಚಿ ಆರಿಹೋಗುತ್ತದೆ. ಎಲ್ಲಾದರೂ ಶಾರ್ಟ್ ಆಗಿದ್ದರೆ ಝಗ್ಗನೆ ಉರಿಯುತ್ತದೆ. ಅಂದರೆ ಬಲ್ಬು ಉರಿದರೆ ಸೋಲು, ಆರಿದರೆ ಗೆಲುವು.

ಮೂರು ತಿಂಗಳ ಭಾನುವಾರಗಳನ್ನು ಸುರಿದು ಕಟ್ಟಿದ ಮೊದಲ ಆಂಪ್ಲಿಫೈಯರಿಗೆ ಹೀಗೆ ಬಲ್ಬು ಕಟ್ಟಿ ಸ್ವಿಚ್ಚು ಒತ್ತಿದೆ. ಮಿಂಚಿತು, ಆರಿತು. ನನಗೆ ಕುಣಿಯುವಷ್ಟು ಖುಷಿ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಅಲ್ಲಿ ಮಗಳ ಹತ್ತಿರ ಹೇಳುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಮೂರು ತಿಂಗಳು ಕೂತರೂ ಒಂದು ಬಲ್ಬು ಉರಿಸಲಿಕ್ಕೆ ಆಗಲಿಲ್ಲ ಅವರಿಗೆ. ನೀನು ಎಂತದೂ ಹೇಳಬೇಡ, ಬೇಜಾರು ಮಾಡಿಕೊಂಡಾರು."

ನನ್ನ ಮರ್ಯಾದೆಯ ಪ್ರಶ್ನೆ. ಕರೆದು ತಿಳಿಸಿ ಹೇಳೋಣ ಎಂದು ಅವರನ್ನು ಹೊರಗೆ ಕರೆದೆ. ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ಒಂದೊಂದೇ ಭಾಗವನ್ನು ತೋರಿಸುತ್ತ ವಿವರಿಸುವಾಗ ಅದರ ತುದಿ ಜಾರಿ ಎರಡು ತಂತಿಗಳ ನಡುವೆ ಬಿತ್ತು. ಬಲ್ಬು ಕೋಣೆಯೆಲ್ಲ ಬೆಳಗುವಂತೆ ಉರಿಯಿತು. ಅತ್ತೆಯ ಮುಖವೂ ಅಷ್ಟೇ ಬೆಳಗಿತು. ದೇವರ ಫೋಟೋದ ಕಡೆ ತಿರುಗಿ ಕೈಮುಗಿದರು, ಮಗಳಿಗೆ ಊದುಬತ್ತಿ ಹಚ್ಚಲು ಹೇಳಿದರು. ಅಂದು ಸಂಕ್ರಮಣ, ಪಾಯಸ ಮಾಡಿದ್ದರು. ಊಟಕ್ಕೆ ಇನ್ನೂ ಹೊತ್ತಿದ್ದರೂ ನನಗೊಂದು ಬಟ್ಟಲು ತಂದು ಕೈಗೆ ಕೊಟ್ಟರು.

ಡಬ್ಬದ ಒಳಗೆ, ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಆರಿಸಿ ತಂದಿದ್ದ ಎರಡು ಟ್ರಾನ್ಸಿಸ್ಟರುಗಳು ಸತ್ತಿದ್ದವು. ಅವುಗಳ ಹೆಸರಿನಲ್ಲಿ ನಾನು ಬಟ್ಟಲು ಪಾಯಸ ಉಂಡೆ.

ಪೊಲೀಸ್ ಬಂದೋಬಸ್ತು

ಎರಡನೇ ಸಲ ಗಟ್ಟಿಯಾಗಿ ಮಾಡಬೇಕೆಂದು ಅಂಬರನಾಥದಲ್ಲೇ ತಗಡಿನ ಪೆಟ್ಟಿಗೆ ಮಾಡಿಸಿಕೊಂಡು, ಊಟದ ಬಿಡುವಿನಲ್ಲಿ ಅಲ್ಲೇ ಒಳಗಿನ ಜೋಡಣೆಯನ್ನೂ ಮುಗಿಸಿದೆ. ಟ್ರಾನ್ಸ್‌ಫಾರ್ಮರ್ ಒಂದೇ ನನ್ನ ಮಗಳಷ್ಟು ಭಾರ. ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಸಂಜೆಯ ಲೋಕಲಿನಲ್ಲಿ ತಂದೆ. ರೈಲಿನಲ್ಲಿ ಎಲ್ಲಿ ನೋಡಿದರೂ "ಅಪರಿಚಿತ ವಸ್ತುಗಳನ್ನು ಮುಟ್ಟಬೇಡಿ" ಎಂದು ಬರೆದಿದ್ದ ಕಾಲ. ಗೋಣಿಯಿಂದ ಕೆಂಪು, ಕಪ್ಪು ತಂತಿಗಳು ಹೊರಗೆ ಇಣುಕುತ್ತಿದ್ದವು. ಅಂಥ ಗರ್ದಿಯಲ್ಲೂ ನನ್ನ ಸುತ್ತ ಮಾತ್ರ ಜಾಗವೋ ಜಾಗ. ಅಷ್ಟು ಆರಾಮವಾಗಿ ನಾನು ಯಾವತ್ತೂ ಪ್ರಯಾಣ ಮಾಡಿದ್ದಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬ ಹವಾಲ್ದಾರರು ನಿಲ್ಲಿಸಿದರು. ಗೋಣಿ ಬಿಚ್ಚಿಸಿದರು. ಆಂಪ್ಲಿಫೈಯರ್, ನಾನೇ ಮಾಡಿದ್ದು ಎಂದೆ. ಹಾಗಾದರೆ ಬಾರಿಸಿ ತೋರಿಸು ಎಂದರು. ಬಾರಿಸಲು ಸ್ಪೀಕರ್ ಬೇಕು, ಅದು ಮನೆಯಲ್ಲಿದೆ ಎಂದೆ.

"ಮಗ ಹ್ಯಾಚ್ಯಾತ್ ಆವಾಜ್ ಕುಠೆ ಆಹೆ?" ಎಂದು ಕೇಳಿದರು. ಹಾಗಾದರೆ ಇದರಲ್ಲಿ ದನಿ ಎಲ್ಲಿದೆ ಎಂಬ ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಯಾವ ಇಂಜಿನಿಯರನೂ ಉತ್ತರ ಕೊಡಲಾರ.

ಅವರ ಡ್ಯೂಟಿ ಮುಗಿಯುವ ಹೊತ್ತು, ಅವರು ವಾಸವಿದ್ದ ಚಾಳೂ ನಮ್ಮ ಮನೆಯ ದಾರಿಯಲ್ಲೇ. ಮನೆಗೇ ಬಂದು ಕೇಳುತ್ತೇನೆ ಎಂದು ಹೊರಟರು. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಎರಡನೇ ಮಾಳಿಗೆಯಲ್ಲಿ ನನ್ನ ಏದುಸಿರು ನೋಡಲಾಗದೆ ಪೆಟ್ಟಿಗೆಯ ಒಂದು ಬದಿಯನ್ನು ಅವರೇ ಹಿಡಿದರು. ಬಾಗಿಲು ತೆಗೆದ ಅತ್ತೆಗೆ ಕಂಡದ್ದು ಇಷ್ಟು: ಬೆವರಿದ ಅಳಿಯ, ಪಕ್ಕದಲ್ಲಿ ಪೊಲೀಸು, ನಡುವೆ ಡಬ್ಬ. ಅವರಿಗೆ ಒಂದಿಷ್ಟೂ ಆಶ್ಚರ್ಯವಾದಂತೆ ತೋರಲಿಲ್ಲ. ಒಂದು ದಿನ ಹೀಗಾಗುತ್ತದೆ ಎಂದು ಗೊತ್ತಿತ್ತು ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಭಜನೆಯ ಕ್ಯಾಸೆಟ್ ಹಾಕಿ ಕೇಳಿಸಿದೆ. ಹವಾಲ್ದಾರರು ಚಹಾ ಕುಡಿಯುತ್ತ ಕಣ್ಣುಮುಚ್ಚಿ ಪೂರ್ತಿ ಒಂದು ಹಾಡು ಕೇಳಿದರು. ಆವಾಜು ಫಸ್ಟ್‌ಕ್ಲಾಸ್, ಆದರೆ ಹಿಂದೆ ಎಲ್ಲೋ ಗುಂಯ್ ಅನ್ನುತ್ತಿದೆ ಎಂದು ಹೇಳಿ, ನನ್ನ ಬೆನ್ನು ತಟ್ಟಿ ಹೋದರು. ಗುಂಯ್ ಅನ್ನುತ್ತಿದ್ದದ್ದು ನಿಜ. ಬಾಗಿಲು ಹಾಕಿಕೊಂಡ ಅತ್ತೆ, ಪೊಲೀಸರಿಗೂ ಅದರ ದೋಷ ಗೊತ್ತಾಯಿತು ಎಂದರು.

ಮುಕಾದಮರ ಫೋನು

ಆ ಡಬ್ಬ ಸೊಸೈಟಿಯ ಕೆಳಗಿನ ಹಾಲಿನಲ್ಲಿ ಶುಕ್ರವಾರದ ಭಜನೆಗೆ ನಿಂತಿತು. ಉಳಿದ ದಿನ ನಮ್ಮ ಮನೆಯಲ್ಲೇ ಇರುತ್ತಿತ್ತು. ಮೂರನೇ ಮಾಳಿಗೆಯಲ್ಲಿದ್ದ ವಿಜಯಪುರ ಕಡೆಯ ಒಬ್ಬರು, ಬಿಲ್ಡಿಂಗ್ ಕೆಲಸದ ಆಳುಗಳ ಮೇಲೆ ಮುಕಾದಮರು, ಒಂದು ಸಂಜೆ ಮೇಲೆ ಬಂದು ಮಾತಾಡುತ್ತ ತಮ್ಮ ಹೊಸ ಮೊಬೈಲನ್ನು ಡಬ್ಬದ ಮೇಲಿಟ್ಟರು. ಸ್ಪೀಕರಿನಲ್ಲಿ ಟಿಕ್‌ಟಿಟಿಕ್ ಟಿಕ್‌ಟಿಟಿಕ್ ಎಂದು ಸದ್ದಾಯಿತು. ಮರುಕ್ಷಣ ಅವರ ಫೋನು ರಿಂಗಾಯಿತು.

ಮುಕಾದಮರು ಫೋನೆತ್ತುವುದನ್ನೂ ಮರೆತು ಡಬ್ಬವನ್ನೇ ನೋಡಿದರು. ಆಗಿನ ಮೊಬೈಲುಗಳು ಹೊರಗೆ ಬಿಡುತ್ತಿದ್ದ ತರಂಗಗಳು ಹತ್ತಿರದ ಸ್ಪೀಕರಿನಲ್ಲಿ ಹಾಗೆ ಕೇಳುತ್ತವೆ ಎಂದು ವಿವರಿಸಿದೆ. ಎಲ್ಲದಕ್ಕೂ ತಲೆಯಾಡಿಸಿ, ಏನನ್ನೂ ನಂಬದೆ ಹೋದರು. ಅವರ ಮಗಳನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರು ಫೋನ್ ಮಾಡಿ ತಿಳಿಸುತ್ತೇವೆ ಎಂದಿದ್ದರಂತೆ. ಮರುದಿನದಿಂದ ಮುಕಾದಮರು ಕೆಲಸ ಮುಗಿಸಿ ಬಂದವರೇ ಮೊಬೈಲನ್ನು ಡಬ್ಬದ ಮೇಲಿಟ್ಟು ಎದುರಿಗೆ ಕೂರತೊಡಗಿದರು. ಅತ್ತೆ ದಿನವೂ ಅವರಿಗೆ ಚಹಾ ಕೊಡುತ್ತಿದ್ದರು. ಹಾಡು ಹೇಳಲಿಕ್ಕೆ ಬಾರದಿದ್ದರೂ ಡಬ್ಬಕ್ಕೆ ಜ್ಯೋತಿಷ್ಯ ಬರುತ್ತದೆ ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು.

ಮೊಬೈಲು ಕರೆ ಇಲ್ಲದಿದ್ದರೂ ಆಗಾಗ ತಾನಾಗಿ ಟವರಿನೊಡನೆ ಮಾತಾಡಿಕೊಳ್ಳುತ್ತದೆ. ಒಂದು ಸಂಜೆ ಹಾಗೇ ಟಿಕ್‌ಟಿಟಿಕ್ ಎಂದಿತು. ಮುಕಾದಮರು ನೆಟ್ಟಗೆ ಕೂತರು. ಫೋನು ರಿಂಗಾಗಲಿಲ್ಲ. ಐದು ನಿಮಿಷ ಕಾದರು. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಫೋನ್ ಹಚ್ಚಾಕ ಕೈ ಹಾಕಿದ್ರಿ ಅವರು," ಎಂದರು ನನಗೆ. "ಮತ್ತ ಮನಸ್ಸು ಬದ್ಲಾತು."

ಮೂರನೇ ವಾರ ಡಬ್ಬ ಸದ್ದು ಮಾಡಿತು, ಫೋನೂ ಬಂತು, ಸಂಬಂಧ ಕುದುರಿತು. ಅರಿಸಿನ ಹಚ್ಚಿದ ಮೊದಲ ಲಗ್ನಪತ್ರಿಕೆಯನ್ನು ಅವರು ದೇವರ ಮುಂದಿಟ್ಟರಂತೆ. ಎರಡನೆಯದನ್ನು ತಂದು ಡಬ್ಬದ ಮೇಲಿಟ್ಟು ಕೈಮುಗಿದರು. ನಮಗೆ ಸಿಕ್ಕಿದ್ದು ಮೂರನೆಯದು.

ಎರಡು ಬೆರಳಿನ ತಪ್ಪು

ಇಷ್ಟೆಲ್ಲ ಆದರೂ ಆ ಗುಂಯ್ ಹೋಗಲಿಲ್ಲ. ಹಾಡಿನ ಹಿಂದೆ, ಮಾತಿನ ಹಿಂದೆ, ಏನೂ ಇಲ್ಲದಿದ್ದಾಗಲಂತೂ ಇನ್ನೂ ಚೆನ್ನಾಗಿ, ಒಂದೇ ಸಮ ಗುಂಯ್. ಎರಡು ವರ್ಷ ಅದರ ಬೆನ್ನು ಹತ್ತಿದೆ. ಕೆಪಾಸಿಟರ್ ಬದಲಿಸಿದೆ, ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದೆ, ತಂತಿಗಳನ್ನು ಜಡೆಯಂತೆ ಹೆಣೆದೆ. ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಈ ಗುಂಯ್ ಬಗ್ಗೆ ದೂರು ಹೇಳುವುದನ್ನೂ ನಿಲ್ಲಿಸಿದ್ದರು. ನನ್ನ ಮೇಲೆ ಆಸೆಯನ್ನೇ ಬಿಟ್ಟಿದ್ದಾರೆ ಎಂದುಕೊಂಡೆ, ನನಗೆ ನೋವಾಯಿತು.

ಆ ಎರಡು ವರ್ಷದ ಶುರುವಿನಲ್ಲೇ ಮಂಡಳಿಯ ಹಾರ್ಮೋನಿಯಂ ನುಡಿಸುತ್ತಿದ್ದವರು ಕಾಮೋಠೆಗೆ ಮನೆ ಬದಲಿಸಿದ್ದರು. ಹಳೆಯ ಶ್ರುತಿಪೆಟ್ಟಿಗೆಯ ತಿದಿಯೂ ಹರಿದಿತ್ತು. ಹೊಲಿಸಿಕೊಂಡು ಬರಲೇ ಎಂದು ನಾನು ಕೇಳಿದ್ದೆ. ಬೇಡ, ಅದಿಲ್ಲದಿದ್ದರೂ ನಡೆಯುತ್ತದೆ ಎಂದಿದ್ದರು ಅತ್ತೆ. ಹೇಗೆ ನಡೆಯುತ್ತದೆ ಎಂದು ನಾನು ಕೇಳಲಿಲ್ಲ.

ಆ ವರ್ಷದ ಭಜನಾ ಸ್ಪರ್ಧೆ ನಮ್ಮ ಸೊಸೈಟಿಯ ಹಾಲಿನಲ್ಲೇ ಎಂದು ತೀರ್ಮಾನವಾಯಿತು. ಠಾಣೆ, ಕಲ್ಯಾಣ, ಬದಲಾಪುರ, ನವಿ ಮುಂಬಯಿ, ಎಲ್ಲ ಕಡೆಯ ಮಂಡಳಿಗಳು ಬರುವವು. ಎಲ್ಲರೂ ಹಾಡುವುದು ನನ್ನ ಡಬ್ಬದಲ್ಲಿ. ಅಷ್ಟು ಊರುಗಳ ಎದುರಿಗೆ ಅದು ಗುಂಯ್ ಅಂದರೆ ನನ್ನ ಗತಿ ಏನು? ಎರಡು ದಿನ ರಜೆ ಹಾಕಿ, ಇಡೀ ಪೆಟ್ಟಿಗೆಯನ್ನು ಬಿಚ್ಚಿ ಕೂತೆ. ಕೊನೆಗೆ ಕಳ್ಳ ಸಿಕ್ಕಿದ. ಮೈಕಿನ ಕಡೆಯಿಂದ ಬರುವ ಅರ್ಥಿಂಗ್ ತಂತಿಯನ್ನು ನಾನೇ, ಅಂಬರನಾಥದ ಊಟದ ಬಿಡುವಿನ ಅವಸರದಲ್ಲಿ, ಸರಿಯಾದ ಜಾಗಕ್ಕಿಂತ ಎರಡು ಬೆರಳು ಆಚೆ ಬೆಸೆದಿದ್ದೆ. ಬಿಡಿಸಿ ಈಚೆ ಬೆಸೆದೆ. ಸ್ಪೀಕರಿಗೆ ಕಿವಿಯಿಟ್ಟೆ. ಮೌನ ಎಂದರೆ ಮೌನ. ಅಂಥ ಮೌನವನ್ನು ನಾನು ಕೈಯಾರೆ ಮಾಡಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಯಾರಿಗೂ ಹೇಳಲಿಲ್ಲ. ಶುಕ್ರವಾರ ಅತ್ತೆ ತಾವಾಗಿ ಗಮನಿಸಿ ಹೇಳಲಿ ಎಂದು ಹಾಲಿನ ಮೂಲೆಯಲ್ಲಿ ಕೈಕಟ್ಟಿ ನಿಂತೆ.

ಅತ್ತೆ ಹಾಡು ಎತ್ತಿದರು. ಒಂದು ಸಾಲಿಗೆ ನಿಲ್ಲಿಸಿದರು. ಮತ್ತೆ ಎತ್ತಿದರು, ಈ ಸಲ ಸ್ವಲ್ಪ ಮೇಲೆ. ಹೆಂಗಸರಲ್ಲಿ ಅರ್ಧ ಜನ ಹಳೆಯ ಜಾಗದಲ್ಲಿ, ಅರ್ಧ ಜನ ಹೊಸ ಜಾಗದಲ್ಲಿ ಹಿಡಿದುಕೊಂಡರು. ಮೂರನೇ ಸಲ ತಾಳವೂ ತಪ್ಪಿತು. ದೃಷ್ಟಿಯಾಗಿದೆ, ಸ್ಪರ್ಧೆಯ ಮುಂಚೆ ಇಳಿ ತೆಗೆಯಬೇಕು ಎಂದು ಯಾರೋ ಅಂದರು. ಅತ್ತೆ ಡಬ್ಬದ ಕಡೆ ಕಿವಿ ಕೊಟ್ಟು ಕೂತರು. ಆಮೇಲೆ ಅದು ಚಾಲೂ ಇದೆಯೇ ಎಂದು ನನ್ನನ್ನು ಕೇಳಿದರು. ಇದೆ ಎಂದೆ. ಹೊಗಳಿಕೆ ಇನ್ನೇನು ಬಂತು ಎಂದುಕೊಂಡೆ.

"ಅದರ ಗುಂಯ್ ಎಲ್ಲಿ ಹೋಯಿತು?"

"ತೆಗೆದೆ ಅತ್ತೆ. ಎರಡು ವರ್ಷ ಬೇಕಾಯಿತು."

ಅತ್ತೆ ಕನ್ನಡಕ ತೆಗೆದರು. "ಎರಡು ವರ್ಷದಿಂದ ನಾವು ಹಾಡುವುದು ಅದರ ಮೇಲೆ. ಹಾರ್ಮೋನಿಯಮ್ಮಿನ ಬಿಳಿ ಐದರ ಶ್ರುತಿ, ಒಂದು ಕೂದಲೆಳೆ ಆಚೀಚೆ ಇಲ್ಲ. ನಿಮ್ಮ ಡಬ್ಬದಲ್ಲಿ ಸರಿ ಇದ್ದದ್ದು ಅದೊಂದೇ. ಅದನ್ನೂ ತೆಗೆದಿರಾ?"

ಸ್ಪರ್ಧೆಗೆ ಒಂಬತ್ತು ದಿನ. ಬೇರೆ ಶ್ರುತಿಗೆ ದನಿ ಕೂರಿಸಿಕೊಳ್ಳಲು ಅಷ್ಟು ಹೊತ್ತು ಸಾಲದು ಎಂದರು ಹೆಂಗಸರು. ತಂತಿಯನ್ನು ಹಿಂದಿನಂತೆ ಬೆಸೆಯಿರಿ ಎಂದು ಅಪ್ಪಣೆಯಾಯಿತು. ಬೆಸೆದರೆ ಉಳಿದ ಊರಿನವರ ಎದುರು ನನ್ನ ಮಾನ ಹೋಗುತ್ತದೆ, ಬೆಸೆಯದಿದ್ದರೆ ಅತ್ತೆಯ ಹಾಡು ಹೋಗುತ್ತದೆ. ಕೊನೆಗೆ ಎರಡೂ ಜಾಗಗಳ ನಡುವೆ ಒಂದು ಸ್ವಿಚ್ಚು ಹಾಕಿದೆ. ಮೇಲೆ ಒತ್ತಿದರೆ ಸರಿ, ಕೆಳಗೆ ಒತ್ತಿದರೆ ತಪ್ಪು. ಮೇಲೆ "ಮೌನ" ಎಂದೂ ಕೆಳಗೆ "ಅತ್ತೆ" ಎಂದೂ ಬಿಳಿ ಪೇಂಟಿನಲ್ಲಿ ಬರೆದೆ. ಪ್ರಪಂಚದಲ್ಲಿ ಬೇಕೆಂದಾಗ ಕೆಡುವ ಆಂಪ್ಲಿಫೈಯರ್ ಬಹುಶಃ ನನ್ನದೊಂದೇ.

ಸ್ಪರ್ಧೆಯ ದಿನ ಎಲ್ಲ ಮಂಡಳಿಗಳಿಗೂ ಮೌನ. ಯಾರೂ ಒಂದು ಕೊರತೆ ಹೇಳಲಿಲ್ಲ. ನಮ್ಮವರ ಸರದಿ ಬಂದಾಗ ಸ್ವಿಚ್ಚನ್ನು ಅತ್ತೆಯ ಕಡೆ ಒತ್ತಿದೆ. ಗುಂಯ್ ಎಂದಿತು. ಅತ್ತೆ ಕಣ್ಣುಮುಚ್ಚಿ ಅದರೊಳಗಿಂದಲೇ ಎಂಬಂತೆ ಹಾಡನ್ನು ಎತ್ತಿದರು, ಇಡೀ ಮಂಡಳಿ ಒಂದೇ ಕೊರಳಾಗಿ ಹಿಂದೆ ಬಂತು.

ಮೊದಲ ಬಹುಮಾನ ನಮಗೆ ಬಂತು. ತೀರ್ಪುಗಾರರು ಠಾಣೆಯ ಹಿರಿಯ ಸಂಗೀತದ ಮೇಷ್ಟ್ರು. ಮಿಕ್ಕವರ ಶ್ರುತಿಪೆಟ್ಟಿಗೆಗಳು ಅಲ್ಲಲ್ಲಿ ಅಲುಗಾಡಿದವು, ಈ ಮಂಡಳಿಯದು ಕಂಬದಂತೆ ನಿಂತಿತು, ಆದರೆ ಆ ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದೀರಿ, ಕಾಣಲಿಲ್ಲವಲ್ಲ ಎಂದು ಮೈಕಿನಲ್ಲೇ ಕೇಳಿದರು. ಅತ್ತೆ ಎದ್ದು ನಿಂತರು. ಅಷ್ಟು ಊರುಗಳ ಜನರ ಎದುರಿಗೆ ನನ್ನ ಡಬ್ಬವನ್ನು ತೋರಿಸಿದರು.

"ಅದೇ, ಆ ಆಂಪ್ಲಿಫೈಯರ್. ನಮ್ಮ ಅಳಿಯ ಕೈಯಲ್ಲೇ ಮಾಡಿದ್ದು."

ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನು ಎಲ್ಲಿ ನಿಂತಿದ್ದೇನೆ ಎಂಬುದೇ ಮರೆತುಹೋಯಿತು. ಮೇಷ್ಟ್ರು ವೇದಿಕೆಯಿಂದ ಇಳಿದು ಬಂದು, ತಮ್ಮ ಪಾಠಶಾಲೆಗೂ ಇಂಥದ್ದೊಂದು ಮಾಡಿಕೊಡಲಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಉತ್ತರ ಕೊಟ್ಟರು.

"ಧಾರಾಳ ಮಾಡಿಕೊಡುತ್ತಾರೆ. ಆಮೇಲೆ ಅದನ್ನು ರಿಪೇರಿ ಮಾಡಲಿಕ್ಕೆ ಮಾತ್ರ ಬಿಡಬೇಡಿ."