ಸೂರ್ಯನ ಹಿಂದೆ ಬಿದ್ದ ಫಟಫಟಿ

ಜಿನ್ನಪ್ಪ ಚೌಗಲೆಯ ಫಟಫಟಿಗೆ, ಅಂದರೆ ಮೋಟರ್ ಸೈಕಲ್ಲಿಗೆ, ದಮ್ಮಿಲ್ಲವೆಂದು ಸದಲಗಾ ಊರಿಗೆ ಊರೇ ಹೇಳುತ್ತಿತ್ತು. ಹೇಳದೆ ಇದ್ದವನು ಒಬ್ಬನೇ, ಅವನು ಜಿನ್ನಪ್ಪ ಚೌಗಲೆ. ಗಾಡಿಯನ್ನು ಆರಿಸಿದವನು ತಾನು, ಕೊಂಡವನು ತಾನು, ಅದರ ಮೇಲೆ ಕೂತು ಬೆನ್ನು ನೋಯಿಸಿಕೊಳ್ಳುವವನೂ ತಾನೇ. ಹೀಗಿರುವಾಗ ಕಟ್ಟೆಯ ಮೇಲೆ ಕೂತವರಿಗೆ ಅದರ ದಮ್ಮಿನ ಉಸಾಬರಿ ಯಾಕೆ? "ಗಾಡಿ ಸಾವಕಾಶ ಹೋಗ್ತೈತಿ ಅಂದ್ರ ದಮ್ಮಿಲ್ಲಂತಲ್ಲ, ಅದಕ್ಕ ಸಂಸ್ಕಾರ ಐತಿ," ಎಂದು ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದ. ಆದರೆ ಒಳಗೊಳಗೆ ಅವನ ಹೊಟ್ಟೆ ಉರಿಯುತ್ತಿತ್ತು. (ಹೊಟ್ಟೆಕಿಚ್ಚಿನಿಂದಲ್ಲ, ನಿಜವಾದ ಹಸಿವಿನಿಂದ. ಇದು ಆ ಹಸಿವಿನ ಕಥೆ.)

ಅದು ಎಂಬತ್ತೇಳನೆಯ ಇಸವಿ. ಊರ ಜೈನ ಬಸದಿಯಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತಿದ್ದರು. ಆಷಾಢದ ಒಂದು ದಿನ ಪ್ರವಚನ ಮುಗಿದ ಮೇಲೆ ಶ್ರಾವಕರೆಲ್ಲ ತಮ್ಮ ತಮ್ಮ ಕೈಲಾದ ನಿಯಮ ಹಿಡಿದರು. ಒಬ್ಬರು ಬದನೆಕಾಯಿ ಬಿಟ್ಟರು, ಒಬ್ಬರು ಹಾಲು ಬಿಟ್ಟರು, ಜಿನ್ನಪ್ಪನ ಬಗಲಮನೆಯ ಆಬಾಸಾಹೇಬ ಚಹಾ ಬಿಟ್ಟ. ಇಷ್ಟು ಸಣ್ಣ ಸಣ್ಣ ತ್ಯಾಗ ಕಂಡು ಜಿನ್ನಪ್ಪನಿಗೆ ನಗು ಬಂತು. ಎದ್ದು ನಿಂತು, ಕಾರ್ತಿಕ ಮುಗಿಯುವವರೆಗೆ ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಅನ್ನವಿಲ್ಲ, ಒಂದು ಹನಿ ನೀರಿಲ್ಲ, ಕಚೇರಿ ಇರಲಿ ರಜೆ ಇರಲಿ, ಎಂದು ಘೋಷಿಸಿಬಿಟ್ಟ. ನೌಕರಿಯ ಮನುಷ್ಯ, ವಿಚಾರ ಮಾಡಿ ಹೇಳು ಎಂದು ಮಹಾರಾಜರೇ ಒಂದು ಮಾತು ಎಚ್ಚರಿಸಿದರು. ವಿಚಾರ ಮಾಡಿಯೇ ಹೇಳುತ್ತಿದ್ದೇನೆ ಎಂದ. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಕಮಲಾಬಾಯಿ ಹಣೆ ಗಟ್ಟಿಸಿಕೊಂಡಳು.

ಆಷಾಢದಲ್ಲಿ ಹೊತ್ತು ಮುಳುಗುವುದು ಏಳರ ಮೇಲೆ. ಜಿನ್ನಪ್ಪ ಚಿಕ್ಕೋಡಿಯ ಕಚೇರಿಯೊಂದರಲ್ಲಿ ಬಂದ ಹೋದ ಟಪಾಲು ಬರೆದಿಡುವ ಆವಕ ಜಾವಕದ ಗುಮಾಸ್ತ; ಐದಕ್ಕೆ ಎದ್ದು, ಬಸ್ಸಿಗೆ ಕಾದು ಹಿಡಿದು, ಏಳಕ್ಕೆ ಹತ್ತು ನಿಮಿಷವಿರುವಾಗ ಮನೆ ಮುಟ್ಟಿ, ಬೂಟು ಬಿಚ್ಚದೆ ತಾಟಿನ ಮುಂದೆ ಕೂತರೆ ವ್ರತ ಸುರಳೀತ. ಆದರೆ ಪಂಚಾಂಗ ನೋಡದೆ ಮಾಡಿದ ಪ್ರತಿಜ್ಞೆ ಅದು. ಶ್ರಾವಣ ಕಳೆದು ಭಾದ್ರಪದ ಬಂತು. ಸೂರ್ಯ ದಿನಕ್ಕೊಂದು ನಿಮಿಷ ಮೊದಲೇ ಮನೆಗೆ ಹೋಗತೊಡಗಿದ. ಬಸ್ಸಿಗೆ ಅಂಥ ಅವಸರವೇನೂ ಇರಲಿಲ್ಲ. ಒಂದು ವಾರ ಜಿನ್ನಪ್ಪ ಬರೇ ಹೊಟ್ಟೆಯಲ್ಲಿ ಮಲಗಿದ. ಮುಂಜಾನೆ ಹಸಿದ ಮುಖ ಕಂಡು ಕಮಲಾಬಾಯಿ, ಮಹಾರಾಜರ ಹತ್ತಿರ ಹೋಗಿ ತಪ್ಪಾಯಿತೆಂದು ನಿಯಮ ಸಡಿಲಿಸಿಕೊಂಡು ಬನ್ನಿ ಎಂದಳು. ಚೌಗಲೆ ಮನೆತನದವರು ಮಾತು ಕೊಟ್ಟರೆ ಹಿಂದೆ ತೆಗೆಯುವುದಿಲ್ಲ ಎಂದು ಅವನು ಹಸಿದ ದನಿಯಲ್ಲೇ ಗುಡುಗಿದ. ಅದರ ಮರುವಾರವೇ ಕಾಗವಾಡಕ್ಕೆ ಹೋಗಿ, ದ್ರಾಕ್ಷಿ ತೋಟದ ಭಾವುಸಾಹೇಬನಿಂದ ಹಳೆಯ ಫಟಫಟಿಯೊಂದನ್ನು ಕೊಂಡು ತಂದ.

ಗಾಡಿ ಬಂದ ದಿನ ಓಣಿಯೆಲ್ಲ ನೆರೆಯಿತು. ಕಮಲಾಬಾಯಿ ಅರಿಷಿಣ ಕುಂಕುಮ ಹಚ್ಚಿ ತೆಂಗಿನಕಾಯಿ ಇಟ್ಟಳು. ಜಿನ್ನಪ್ಪ ಒಂದು ಬಡಿಗೆ ಹಿಡಿದು, ಭೂಗೋಳದ ಮಾಸ್ತರನ ಹಾಗೆ ಒಂದೊಂದೇ ಅಂಗ ತೋರಿಸಿದ. ಇಲ್ಲಿ ಪೆಟ್ರೋಲು ಕುಡಿಯುತ್ತದೆ, ಇಲ್ಲಿ ಕಿಡಿ ಹತ್ತುತ್ತದೆ, ಸೀಟಿನ ಕೆಳಗಿನ ಈ ಡಬ್ಬಿಯ ಮುಚ್ಚಳ ತೆಗೆದರೆ ಒಳಗೊಂದು ತೂತು, ಅದೇ ಇದರ ಬಾಯಿ, ಅದರಿಂದ ಗಾಳಿ ಎಳೆಯುತ್ತದೆ. ಕಮಲಾಬಾಯಿಗೆ ಅದೊಂದು ಮನಸ್ಸಿಗೆ ನಾಟಿತು. ಸಂಜೆ ಹೊತ್ತು ಗಾಳಿಯ ಜೊತೆ ಸಣ್ಣ ಹುಳ ಹುಪ್ಪಡಿ ಒಳಗೆ ಹೋಗಿ ಸಾಯುವುದಿಲ್ಲವೇ ಎಂದು ಕೇಳಿದಳು. ಓಣಿಯ ಜನ ಅವನ ಮುಖ ನೋಡಿತು. ಜನ ಮುಖ ನೋಡಿದರೆ ಜಿನ್ನಪ್ಪನ ಬಾಯಿ ಸುಮ್ಮನಿರುವುದುಂಟೆ?

"ನಮ್ಮ ಮನಿಗೆ ಬಂದಮ್ಯಾಲ ಅದೂ ನಮ್ಮ ಮನಿ ಮಂದಿನ. ನಾವು ನೀರ ಹೆಂಗ ಸೋಸಿ ಗಾಳಿಸಿ ಕುಡಿತೇವೋ, ಅದೂ ಹಂಗ. ಗಾಳಿಸಲಾರದ್ದ ಏನೂ ಒಳಗ ಬಿಡೂದಿಲ್ಲ," ಎಂದ. ಜನ ತಲೆದೂಗಿತು. ಅವನು ಆ ಮಾತನ್ನು ಅಲ್ಲೇ ಮರೆತ. (ಗಂಡಂದಿರು ಆಡಿದ ಮಾತನ್ನು ನೆನಪಿಡುವ ಖಾತೆ ಯಾವಾಗಲೂ ಹೆಂಡಂದಿರದು.)

ಮರುದಿನದಿಂದಲೇ ಗಾಡಿ ಏದುಸಿರು ಬಿಡತೊಡಗಿತು. ಚಾಲೂ ಆಗುವುದೇನೋ ಒಂದೇ ಒದೆಗೆ ಆಗುತ್ತಿತ್ತು. ಆದರೆ ಎಷ್ಟು ಕಿವಿ ಹಿಂಡಿದರೂ ಗುಂಯ್ ಎಂದು ಗೊಣಗಿ, ಹಿಂದಿನಿಂದ ಕರಿಯ ಹೊಗೆ ಬಿಟ್ಟು, ಎತ್ತಿನ ಗಾಡಿಯ ಜೊತೆ ಸ್ನೇಹದಿಂದ ಹೋಗುತ್ತಿತ್ತು. ಏರಿನಲ್ಲಿ ಒಮ್ಮೆ ಕಬ್ಬು ಹೇರಿದ ಚಕ್ಕಡಿಯವನು ಹಿಂದಿನಿಂದ ದಾರಿ ಕೇಳಿದ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವರು ಬಗಲಿಗೆ ಬಂದು ಊರಿನ ಸುದ್ದಿ ಹೇಳಿ ಮುಂದೆ ಹೋಗುತ್ತಿದ್ದರು. ಸೂರ್ಯನಂತೂ ದಿನವೂ ಗೆಲ್ಲುತ್ತಿದ್ದ. ಜಿನ್ನಪ್ಪ ಮನೆಯ ಮುಂದೆ ಗಾಡಿ ನಿಲ್ಲಿಸುವ ಹೊತ್ತಿಗೆ ಕಮಲಾಬಾಯಿ ದೀಪ ಹಚ್ಚಿ, ತಾಟು ಮುಚ್ಚಿಟ್ಟು, ಪಶ್ಚಿಮದ ಕಡೆ ಕೈ ತೋರಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಮಿಸ್ತ್ರಿಯ ಹತ್ತಿರ ಹೋಗಿ ಏನಾಗಿದೆ ನೋಡಪ್ಪ ಎನ್ನುತ್ತಾರೆ. ಜಿನ್ನಪ್ಪ ಹಾಗನ್ನುವ ಕುಳವಲ್ಲ. ಚಿಕ್ಕೋಡಿಯ ದಸ್ತಗೀರ ಮಿಸ್ತ್ರಿ, ಕುಡಚಿಯಿಂದ ಬಂದು ಇಪ್ಪತ್ತು ವರ್ಷ ನಟ್ಟು ಬಿಚ್ಚುವ ಪಾನಾ ಹಿಡಿದವನು, ಏನು ತೊಂದರೆ ಎಂದು ಕೇಳಿದರೆ ಇವನು ತೊಂದರೆ ಹೇಳುತ್ತಿರಲಿಲ್ಲ, ಔಷಧವನ್ನೇ ಹೇಳುತ್ತಿದ್ದ. ಒಂದು ವಾರ ಕಾರ್ಬೋರೇಟರ್ ತೊಳೆ ಎಂದ, ದಸ್ತಗೀರ ತೊಳೆದ. ಇನ್ನೊಂದು ವಾರ ಕ್ಲಚ್ಚು ಜಾರುತ್ತಿದೆ ಎಂದ, ದಸ್ತಗೀರ ಪ್ಲೇಟು ಬದಲಿಸಿದ. ಮುಂದಿನ ವಾರ ಬ್ರೇಕು ಹಿಡಿಯುತ್ತಿದೆ ಎಂದು ಇವನೇ ಚಕ್ರ ಎತ್ತಿ ತಿರುಗಿಸಿದ. ಅದು ಗಿರಣಿಯ ಚಕ್ರದ ಹಾಗೆ ಗರಗರ ತಿರುಗಿತು, ಆದರೂ ಬ್ರೇಕು ಬಿಚ್ಚಿಸಿದ. ದಸ್ತಗೀರನಿಗೆ ಪ್ಲಗ್ಗು ಪ್ರತಿ ಸಲ ಕಾಡಿಗೆಯ ಹಾಗೆ ಕಪ್ಪಾಗಿರುವುದು ಕಾಣುತ್ತಿತ್ತು. ಹೇಳಲು ಬಾಯಿ ತೆರೆದಾಗಲೆಲ್ಲ ಜಿನ್ನಪ್ಪನ ಬಾಯಿ ಮೊದಲೇ ತೆರೆದಿರುತ್ತಿತ್ತು.

ಗಾಡಿಗೆ ಇನ್ನೂ ಒಂದು ವಿಚಿತ್ರ ಸ್ವಭಾವವಿತ್ತು. ಅಷ್ಟಮಿ ಮತ್ತು ಚತುರ್ದಶಿಯ ದಿನ ಅದು ಹಾರುತ್ತಿತ್ತು. ಹಾರುತ್ತಿತ್ತು ಎಂದರೆ ಹಾರುತ್ತಿತ್ತು. ಹೊತ್ತು ಇನ್ನೂ ಮಾರುದ್ದ ಇರುವಾಗಲೇ ಮನೆಯಂಗಳದಲ್ಲಿ. ಆದರೆ ಏನು ಪ್ರಯೋಜನ? ಪರ್ವದ ತಿಥಿಗಳಂದು ಜಿನ್ನಪ್ಪನಿಗೆ ಒಪ್ಪತ್ತು. ಮಧ್ಯಾಹ್ನ ಒಂದು ಸಲ ಉಂಡರೆ ಮುಗಿಯಿತು. ಉಣ್ಣುವ ದಿನ ಗಾಡಿ ತೆವಳುವುದು, ಉಣ್ಣದ ದಿನ ಓಡುವುದು. ಜಿನ್ನಪ್ಪ ಇದನ್ನೂ ಬಿಡದೆ ವಿಚಾರ ಮಾಡಿ ಕಾರಣ ಕಂಡುಹಿಡಿದ: ಒಪ್ಪತ್ತಿನ ದಿನ ತನ್ನ ತೂಕ ಕಡಿಮೆ. ಹಾಗೆಂದು ದಿನವೂ ಮಧ್ಯಾಹ್ನದ ಬುತ್ತಿ ಅರ್ಧಕ್ಕೆ ಇಳಿಸಿದ. ಗಾಡಿ ಒಂದು ಗೇಣೂ ಜೋರಾಗಲಿಲ್ಲ, ಮೈ ಮಾತ್ರ ಇಳಿಯಿತು. ಪ್ಯಾಂಟಿನ ಬೆಲ್ಟಿಗೆ ಎರಡು ಹೊಸ ತೂತು ಬೇಕಾದವು.

ಕಡೆಗೆ ಕಾಗವಾಡದ ಭಾವುಸಾಹೇಬನಿಗೆ ಖಾರವಾದ ಪತ್ರ ಬರೆದ. ಭಾವುಸಾಹೇಬ ಮರ್ಯಾದೆಯ ಮನುಷ್ಯ. ಒಂದು ಆದಿತ್ಯವಾರ ತಾನೇ ಬಂದ. ಅವತ್ತು ಅಷ್ಟಮಿ. ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಅರಿವೆಯೊಂದನ್ನು ಕೈಯಿಂದ ಸರಿಸಿ, ಗಾಡಿ ಏರಿ, ದೂಧಗಂಗೆಯ ಸೇತುವೆಯವರೆಗೆ ಹೋಗಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಿರುಗಿ ಬಂದ. "ಗಾಡಿ ಭಾಳ ಛಲೋ ಇಟ್ಟೀರಿ. ದಮ್ಮ ಕಡಿಮಿ ಐತಿ ಅನಸಿದ್ರ ಅದರ ಮ್ಯಾಲ ಕುಂಡ್ರಾವರ್ದ ನೋಡ್ರಿ," ಎಂದು, ಮಜ್ಜಿಗೆ ಕುಡಿದು ಹೋದ. ಆ ರಾತ್ರಿ ಜಿನ್ನಪ್ಪನಿಗೆ ಹಸಿವಿಗಿಂತ ಅವಮಾನವೇ ಹೆಚ್ಚು ಕಾಡಿತು.

ಕಾರ್ತಿಕ ಬಂತು. ಸೂರ್ಯ ಆರಕ್ಕೇ ಮುಳುಗತೊಡಗಿದ. ಇನ್ನು ಕೆಲವೇ ದಿನ, ಆದರೆ ಜಿನ್ನಪ್ಪನ ಕಣ್ಣ ಮುಂದೆ ಕಚೇರಿಯ ಕಡತಗಳು ರೊಟ್ಟಿಯ ಹಾಗೆ ಕಾಣತೊಡಗಿದ್ದವು. ವ್ರತ ಮುರಿದರೆ ಆಬಾಸಾಹೇಬನಿಗೆ ಮುಖ ತೋರಿಸುವುದು ಹೇಗೆ? ಆಬಾಸಾಹೇಬ ನಾಲ್ಕು ತಿಂಗಳಿಂದ ಚಹಾ ಮುಟ್ಟಿರಲಿಲ್ಲ, ಅದನ್ನು ದಿನಕ್ಕೆರಡು ಸಲ ಹೇಳಲು ಮರೆತೂ ಇರಲಿಲ್ಲ. ಒಂದು ದಿನ ಜಿನ್ನಪ್ಪ ಅರ್ಧ ದಿನದ ರಜೆ ಬರೆದುಕೊಟ್ಟು, ಗಾಡಿ ತಳ್ಳಿಕೊಂಡು ದಸ್ತಗೀರನ ಅಂಗಡಿಗೆ ಹೋಗಿ, ಇದು ಇಂಜಿನ್ನಿನದೇ ದೋಷ, ಪೂರ್ತಿ ಬಿಚ್ಚು ಎಂದ.

ದಸ್ತಗೀರ ಪಾನಾ ಕೆಳಗಿಟ್ಟ. ಒಂದು ಸ್ಟೂಲು ಎಳೆದು ಅರಿವೆಯಿಂದ ಒರೆಸಿದ. "ಸಾಹೇಬ್ರ, ಇವತ್ತ ಒಂದ ದಿನ ನೀವು ಏನೂ ಹೇಳಬ್ಯಾಡ್ರಿ. ಸುಮ್ನ ಇಲ್ಲಿ ಕುಂದರ್ರಿ. ನಾ ಗಾಡಿನ್ನ ಕೇಳ್ತೇನಿ."

ಜಿನ್ನಪ್ಪ ಬಾಯಿ ತೆರೆದ. ಹಸಿವಿಗೆ ಮಾತೂ ಸೋತಿತ್ತು, ಮುಚ್ಚಿ ಕೂತ. ದಸ್ತಗೀರ ಗಾಡಿ ಚಾಲೂ ಮಾಡಿದ, ಹೊಗೆ ನೋಡಿದ, ಪ್ಲಗ್ಗು ತೆಗೆದು ಮೂಸಿದ. ಪೆಟ್ರೋಲು ಬೇಕಾದಷ್ಟು ಬರುತ್ತಿದೆ, ಉಸಿರು ಸಾಲುತ್ತಿಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡ. ಸೀಟಿನ ಕೆಳಗಿನ ಡಬ್ಬಿಯ ಮುಚ್ಚಳ ತೆಗೆದ. ಗಾಳಿ ಎಳೆಯುವ ಬಾಯಿಗೆ, ಪೂಜೆಯ ಕೆಂಪು ದಾರದಿಂದ ಸುತ್ತಿ ಸುತ್ತಿ, ದಪ್ಪನೆಯ ಅರಿವೆಯೊಂದು ನಾಲ್ಕು ಪದರು ಮಡಿಚಿ ಕಟ್ಟಿತ್ತು. ನೀರಿನ ಕೊಡಕ್ಕೆ ಕಟ್ಟುವ ಹಾಗೆ ಅಚ್ಚುಕಟ್ಟಾಗಿ, ಗಂಟಿನ ಮೇಲೆ ಒಂದು ಬೊಟ್ಟು ಕುಂಕುಮ ಸಹಿತ. ದಸ್ತಗೀರ ಅದನ್ನು ಬಿಚ್ಚಿ ಅವನ ಕೈಗೆ ಕೊಟ್ಟ. ಅಂಚು ನೋಡುತ್ತಲೇ ಜಿನ್ನಪ್ಪನಿಗೆ ಗುರುತು ಹತ್ತಿತು. ಅದು ಅವನ ಮದುವೆಯ ಧೋತರದ ತುಂಡು.

ಅರಿವೆ ಕಿಸೆಯಲ್ಲಿ ತುರುಕಿ ಗಾಡಿಗೆ ಒದ್ದ. ಗಾಡಿ ಕುದುರೆಯ ಹಾಗೆ ಜಿಗಿಯಿತು! ಏರು ಹಾರಿತು, ಕಬ್ಬಿನ ಚಕ್ಕಡಿಗಳು ಹಿಂದೆ ಬಿದ್ದವು, ಸೈಕಲ್ಲಿನವರು ನೋಡುತ್ತ ನಿಂತರು. ಹೆಂಡತಿಗೆ ಏನೇನು ಅನ್ನಬೇಕೆಂದು ದಾರಿಯುದ್ದ ಜೋಡಿಸಿಕೊಂಡ. ಸದಲಗಾ ಬಂದಾಗ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಕಟ್ಟೆಯ ಮೇಲೆ ಆಬಾಸಾಹೇಬ ಕೂತಿದ್ದ. ನಾಲ್ಕು ತಿಂಗಳ ಸೇಡು ಒಂದೇ ಮಾತಿನಲ್ಲಿ ತೀರಿಸುವ ಅವಕಾಶ. ಅಷ್ಟು ವೇಗದಲ್ಲೂ ಜಿನ್ನಪ್ಪ ಅವನ ಕಡೆ ಹೊರಳಿ, "ನೋಡ್ರಿ, ಹೊತ್ತ ಇನ್ನೂ—" ಎಂದು ಬಾಯಿ ಅಗಲಿಸಿದ.

ಮುಂದಿನ ಅಕ್ಷರ ಹೊರಗೆ ಬರುವ ಮೊದಲು ಏನೋ ಒಂದು ಒಳಗೆ ಹೋಯಿತು. ಗಂಟಲಿನಲ್ಲಿ ಒಮ್ಮೆ ಸರಿದಾಡಿ ಕೆಳಗಿಳಿದೇ ಬಿಟ್ಟಿತು.

ಕೆಮ್ಮುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಮನೆಗೆ ಬಂದ. ಕಮಲಾಬಾಯಿ ಗಂಡನನ್ನೂ ನೋಡಿ, ಸೂರ್ಯನನ್ನೂ ನೋಡಿ, ಸಂತೋಷದಿಂದ ಓಡಿ ತಾಟು ಹಾಕಿದಳು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಶೇಂಗಾ ಚಟ್ನಿ. ಕಚೇರಿಯ ದಿನ ಎರಡು ತಿಂಗಳಲ್ಲಿ ಮೊದಲ ಸಲ ಬೆಳಕಿನಲ್ಲಿ ಅದರ ಬಣ್ಣ ನೋಡಿದ. ಆದರೂ ಮೊದಲು ಅರಿವೆ ತೆಗೆದು ಅವಳ ಮುಂದೆ ಹಿಡಿದ.

"ಹೌದ್ರಿ, ನಾನ ಕಟ್ಟೇನಿ," ಎಂದಳು ಕಮಲಾಬಾಯಿ, ಒಂದಿಷ್ಟೂ ಹಿಂಜರಿಯದೆ. "ಗಾಳಿಸಲಾರದ್ದ ಏನೂ ಒಳಗ ಬಿಡೂದಿಲ್ಲ ಅಂತ ಹತ್ತ ಮಂದ್ಯಾಗ ಹೇಳಿದಾವ್ರು ಯಾರು? ಅಷ್ಟಮಿ ಚತುರ್ದಶಿಗೆ ಬಿಚ್ಚಿ ಒಗದು, ಒಣಗಿಸಿ, ಮರುದಿನ ಮತ್ತ ಕಟ್ಟೇನಿ. ನಿಮ್ಮ ಮಾತ ನೀವು ಬಿಟ್ರಿ, ನಾ ಬಿಡಲಿಲ್ಲ."

ಜಿನ್ನಪ್ಪ ದಾರಿಯಲ್ಲಿ ಜೋಡಿಸಿದ್ದ ಮಾತೆಲ್ಲ ಕೆಮ್ಮಿನಲ್ಲಿ ಹೋಯಿತು. ಯಾಕೆ ಕೆಮ್ಮುತ್ತೀರಿ ಎಂದು ಅವಳು ಕೇಳಿದಳು. ಅವನು ಬಡಾಯಿಯ ಮನುಷ್ಯನಾದರೂ ಸುಳ್ಳಿನ ಮನುಷ್ಯನಲ್ಲ. ನಡೆದದ್ದನ್ನು ಹೇಳಿದ. ಹುಳ ರೆಕ್ಕೆಯದೋ ಕಾಲಿನದೋ ಎಂದು ಅವಳು ವಿಚಾರಿಸಲಿಲ್ಲ. ಸುಮ್ಮನೆ ತಾಟು ಎತ್ತಿಕೊಂಡಳು. ಇಂಥದಕ್ಕೆ ಪ್ರಾಯಶ್ಚಿತ್ತ ಒಂದು ದಿನದ ಉಪವಾಸ ಎಂದು ಮಹಾರಾಜರು ಪ್ರವಚನದಲ್ಲಿ ಹೇಳಿದ್ದನ್ನು ಇಬ್ಬರೂ ಕೇಳಿದ್ದರು. ಹೊರಗೆ ಬೆಳ್ಳಂಬೆಳಕು. ರೊಟ್ಟಿ ಅಡುಗೆಮನೆಯ ಕಡೆ ಹೋಗುವುದನ್ನು ಜಿನ್ನಪ್ಪ ಕೊನೆಯವರೆಗೂ ನೋಡಿದ.

ಮರಳಿ ಬಂದು ಅವಳು ಧೋತರದ ತುಂಡನ್ನು ಝಾಡಿಸಿ, ಮತ್ತೆ ನಾಲ್ಕು ಪದರು ಮಡಿಚಿದಳು. "ಅರಿವಿ ಕಟ್ಟಿದ್ದ ತಪ್ಪಲ್ರಿ. ಯಾವ ಬಾಯಿಗೆ ಕಟ್ಟಬೇಕಾಗಿತ್ತು, ಅದ ತಪ್ಪಿತ್ತು."

ಉಪವಾಸ ಮುಗಿದ ಮರುದಿನದಿಂದ ಜಿನ್ನಪ್ಪ ಮೂಗಿನ ಕೆಳಗೆ ಆ ಅರಿವೆ ಬಿಗಿದುಕೊಂಡು, ತಲೆ ಎತ್ತಿಯೇ ಕಚೇರಿಗೆ ಹೋಗಿಬಂದ. ಕೇಳಿದವರಿಗೆ ಇದು ತನ್ನದೇ ವಿಚಾರ ಎಂಬಂತೆ ಹುಬ್ಬು ಹಾರಿಸಿದ. ಫಟಫಟಿ ದಿನವೂ ಸೂರ್ಯನನ್ನು ಸೋಲಿಸಿತು. ಕಾರ್ತಿಕದ ಕೊನೆಯ ಸಂಜೆ ಆಬಾಸಾಹೇಬ ಕಟ್ಟೆಯಿಂದಿಳಿದು ದಾರಿಗೆ ಅಡ್ಡ ನಿಂತ. ಗಾಡಿಯ ಹ್ಯಾಂಡಲ್ಲು ಹಿಡಿದು, ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದ: "ಜಿನ್ನಪ್ಪಾ, ಇಷ್ಟ ದಮ್ಮ ಒಮ್ಮೆಲೆ ಎಲ್ಲಿಂದ ಬಂತಪಾ? ಏನ ಆಗಿತ್ತ ಗಾಡಿಗೆ?"

ಆ ಪ್ರಶ್ನೆಗಾಗಿ ಜಿನ್ನಪ್ಪ ಎರಡು ತಿಂಗಳು ಕಾದಿದ್ದ. ಕಾರ್ಬೋರೇಟರ್, ಕ್ಲಚ್ಚು, ಬ್ರೇಕು, ತನ್ನ ಶೋಧ, ತನ್ನ ಛಲ, ಎಲ್ಲ ಒಟ್ಟಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಮನೆಯ ಬಾಗಿಲಲ್ಲಿ ಕಮಲಾಬಾಯಿ ನಿಂತು ನೋಡುತ್ತಿದ್ದಳು. ನಾಲ್ಕು ಪದರಿನ ಅರಿವೆಯಲ್ಲಿ ಗಾಳಿಸಿ ಹೊರಗೆ ಬಂದದ್ದು ಇಷ್ಟೇ:

"ಹ್ಞೂಂ."